ಬೋರಲು ಲೋಟ

ಎರಡನೇ ಮೆಷಿನ್ ಮತ್ತೆ ಶುರುವಾದ ಸದ್ದು ಕೇಳಿ ಮೇಲ್ವಿಚಾರಕಿ ಪೆನ್ನು ಕೆಳಗಿಟ್ಟಳು. ಗಂಟೆ ಒಂಬತ್ತೂ ಹತ್ತು. ಆ ಮೆಷಿನ್ ಏಳನೇ ಲೋಡು ಮುಗಿಸಿ ಬಾಗಿಲು ತೆರೆದು ಅರ್ಧ ಗಂಟೆಯೂ ಆಗಿರಲಿಲ್ಲ. ಎಂಟನೇ ಲೋಡಿನ ಸಾಮಾನು ಇನ್ನೂ ತೊಳೆಯುವ ಕೋಣೆಯಲ್ಲೇ ಬಿದ್ದಿತ್ತು. ಹಾಗಾದರೆ ಒಳಗೆ ಬೇಯುತ್ತಿರುವುದೇನು?

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಆ ವಿಭಾಗಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿತ್ತು. ಅಲ್ಲಿ ದುಡಿಯುವವರು ಅದನ್ನು ಅಡುಗೆಮನೆ ಎನ್ನುತ್ತಿದ್ದರು. ಆಪರೇಷನ್‌ಗೆ ಬಳಸಿದ ಕತ್ತರಿ, ಚಿಮಟ, ಸುತ್ತಿಗೆಗಳು ಅಲ್ಲಿಗೆ ಬರುತ್ತಿದ್ದವು. ಮೊದಲ ಕೋಣೆಯಲ್ಲಿ ತೊಳೆದು, ಎರಡನೆಯದರಲ್ಲಿ ಎಣಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ, ಮೂರನೆಯದರಲ್ಲಿ ಬೀರುವಿನಷ್ಟು ದೊಡ್ಡ ಮೆಷಿನ್‌ಗಳೊಳಗೆ ತುಂಬಿ ಉಗಿಯಲ್ಲಿ ಬೇಯಿಸುತ್ತಿದ್ದರು. ನೂರ ಮೂವತ್ತನಾಲ್ಕು ಡಿಗ್ರಿಯಲ್ಲಿ ಪೂರ್ತಿ ನಾಲ್ಕು ನಿಮಿಷ. ಅರ್ಧ ನಿಮಿಷ ಕಡಿಮೆಯಾದರೂ ಆ ಗಂಟು ಲೆಕ್ಕಕ್ಕಿಲ್ಲ. ಮುಟ್ಟಿದರೆ ಬಿಸಿ ಇರುತ್ತದೆ, ನೋಡಿದರೆ ಚೊಕ್ಕಟವಾಗಿರುತ್ತದೆ, ಆದರೆ ಶುದ್ಧವಾಗಿರುವುದಿಲ್ಲ.

ಅವಳಿಗೆ ಇಲ್ಲಿ ಹದಿನೆಂಟು ವರ್ಷ. ಮೊದಲ ಏಳು ವರ್ಷ ತೊಳೆಯುವ ತೊಟ್ಟಿಯ ಮುಂದೆ ನಿಂತೇ ಕಳೆದಿದ್ದವು. ಮೂರೂ ಮೆಷಿನ್‌ಗಳ ಸದ್ದು ಅವಳಿಗೆ ಮನೆಯವರ ಕೆಮ್ಮಿನಷ್ಟು ಪರಿಚಿತ. ಆ ಸದ್ದಿನ ಮೇಲೆ ಕೂಗಿ ಕೂಗಿಯೇ ಅವಳ ಗಂಟಲು ಹಾಗಾಯಿತು ಎಂದು ಕೆಲವರು ಹೇಳುತ್ತಿದ್ದರು. ಇನ್ನು ಕೆಲವರು, ಇಲ್ಲ, ಹುಟ್ಟಿದ್ದೇ ಹಾಗೆ ಎನ್ನುತ್ತಿದ್ದರು. ಬೆನ್ನ ಹಿಂದೆ ಅವಳಿಗೆ ಕುಕ್ಕರ್ ಎಂದು ಹೆಸರು. ಇದು ಅವಳಿಗೂ ಗೊತ್ತಿತ್ತು. ಬೇಜಾರಿರಲಿಲ್ಲ. ಕುಕ್ಕರ್ ಕೂಗಿದರೆ ಅಡುಗೆ ಆಯಿತು ಎಂದರ್ಥ ತಾನೇ.

ಹೋದ ತಿಂಗಳು ಆಸ್ಪತ್ರೆಯವರು ವಿಭಾಗದ ಮುಖ್ಯಸ್ಥರಿಗೆಲ್ಲ ಎರಡು ದಿನ ತರಬೇತಿ ಕೊಡಿಸಿದ್ದರು. ಕೈಕೆಳಗಿನವರ ಜೊತೆ ಮಾತಾಡುವುದು ಹೇಗೆ ಎಂಬುದೇ ವಿಷಯ. ಟೈ ಕಟ್ಟಿಕೊಂಡ ಒಬ್ಬಾತ ನಗುನಗುತ್ತಾ ಪಾಠ ಮಾಡಿ, ಕೊನೆಗೆ ಒಂದು ಪುಸ್ತಿಕೆ ಕೊಟ್ಟಿದ್ದ. ಅವಳು ಅದನ್ನು ಎರಡು ಸಲ ಓದಿದಳು. ಮೂರನೆಯ ದಿನ ತನ್ನ ಕೋಣೆಯ ಬಾಗಿಲಿಗೆ ದಪ್ಪಕ್ಷರದಲ್ಲಿ ಒಂದು ಹಾಳೆ ಅಂಟಿಸಿದಳು: ‘ಈ ಬಾಗಿಲು ಸದಾ ತೆರೆದಿದೆ. ಯಾವ ವಿಷಯವಿದ್ದರೂ ನೇರವಾಗಿ ಬಂದು ಹೇಳಿ.’ ಬಾಗಿಲಿನ ಪಕ್ಕದ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಯಾವಾಗಲೂ ಇರುತ್ತಿತ್ತು. ಕುಡಿಯುವ ನೀರಿನ ಲೋಟ ಎಂದುಕೊಂಡಿದ್ದಳು.

ಅವಳು ಎದ್ದು ಮೆಷಿನ್ ಕೋಣೆಗೆ ಹೋದಳು. ಮೇಷ್ಟ್ರು ಗೋಡೆಯ ಬೋರ್ಡಿನ ಮುಂದೆ ನಿಂತಿದ್ದರು. ಮೊದಲು ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತಿದ್ದವರು, ಐವತ್ತರ ಹತ್ತಿರದವರು. ಮೆಷಿನ್ ನೋಡಿಕೊಳ್ಳುವ ಕೆಲಸಕ್ಕೆ ಬಂದು ಆರು ವರ್ಷವಾದರೂ ಆ ಹೆಸರು ಹೋಗಿರಲಿಲ್ಲ.

“ಮೇಷ್ಟ್ರೇ, ಒಳಗೆ ಏನಿದೆ?”

“ಏಳನೇ ಲೋಡೇ ಮೇಡಂ. ಬಟ್ಟೆ ಸ್ವಲ್ಪ ಹಸಿ ಅನ್ನಿಸ್ತು. ಇನ್ನೊಂದ್ಸಲ ಹಾಕಿದೆ.”

“ಮೊದಲನೇ ಸಲದ ಚೀಟಿ?”

ಪ್ರತಿ ಲೋಡು ಮುಗಿದಾಗ ಮೆಷಿನ್ ಒಂದು ಚೀಟಿ ಉಗುಳುತ್ತದೆ. ಎಷ್ಟು ಡಿಗ್ರಿ, ಎಷ್ಟು ನಿಮಿಷ, ಎಲ್ಲ ಅದರಲ್ಲಿರುತ್ತದೆ.

“ಇಲ್ಲೇ ಎಲ್ಲೋ ಇರಬೇಕು ಮೇಡಂ.”

“ಇಲ್ಲೇ ಅಂದ್ರೆ ಎಲ್ಲಿ? ನೆಲದ ಮೇಲಾ, ಆಕಾಶದಲ್ಲಾ?”

ಅವಳ ಕಣ್ಣು ಬೋರ್ಡಿನ ಮೇಲೆ ಹೋಯಿತು. ಎರಡನೇ ಮೆಷಿನ್, ಲೋಡು ಏಳು, ಗಂಟು ಹನ್ನೊಂದು. ಆ ಹನ್ನೊಂದರ ಅಡಿಯಲ್ಲಿ ಬೆರಳಿನಿಂದ ಒರೆಸಿದ ಹಳೆಯ ಅಂಕಿ ಮಬ್ಬಾಗಿ ಕಾಣುತ್ತಿತ್ತು. ಹದಿನಾಲ್ಕು.

“ಮೂರು ಗಂಟು ಎಲ್ಲಿ?”

ಪಕ್ಕದ ಕೋಣೆಯಲ್ಲಿ ಗಂಟು ಕಟ್ಟಲು ಬಟ್ಟೆ ಮಡಿಸುತ್ತಿದ್ದ ಟೈಲರಕ್ಕನ ಕೈ ನಿಂತಿತು. ಮಧ್ಯದಲ್ಲಿ ಗಾಜಿನ ಗೋಡೆಯಷ್ಟೇ ಇದ್ದದ್ದು.

“ಕೇಳಿದ್ದು ಕೇಳಿಸ್ಲಿಲ್ವಾ? ಮೂರು ಗಂಟು ಎಲ್ಲಿ ಅಂತ ಕೇಳ್ತಿದೀನಿ. ಬಾಯಲ್ಲಿ ಏನಿಟ್ಕೊಂಡಿದೀರಿ ಎಲ್ಲರೂ?”

ಅವಳ ದನಿ ಮೂರೂ ಕೋಣೆಗಳನ್ನು ದಾಟಿ ಮೆಟ್ಟಿಲವರೆಗೆ ಹೋಯಿತು. ಟೈಲರಕ್ಕ ತಲೆ ತಗ್ಗಿಸಿ ಅದೇ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ಮೇಷ್ಟ್ರ ಬಲಗೈ ಪ್ಯಾಂಟಿನ ಜೇಬಿನ ಮೇಲೆ ಕೂತಿತ್ತು, ಯಾರೋ ಕಿತ್ತುಕೊಂಡಾರು ಎಂಬ ಹಾಗೆ.

ಗೋಡೆಯ ಮೇಲೆ ಆ ದಿನದ ಆಪರೇಷನ್ ಪಟ್ಟಿ ಅಂಟಿಸಿತ್ತು. ಮೊದಲ ಕೇಸು ಹತ್ತು ಗಂಟೆಗೆ. ಬಚ್ಚಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಎಪ್ಪತ್ತೆರಡರ ಹೆಂಗಸು. ಮೂಳೆ ಕೊರೆದು ರಾಡು ಕೂರಿಸುತ್ತಾರೆ. ಮೂಳೆಯೊಳಗೆ ಸೋಂಕು ಹೊಕ್ಕರೆ ಅದನ್ನು ಹೊರಗೆ ಹಾಕಲು ತಿಂಗಳುಗಟ್ಟಲೆ ಬೇಕು. ಆ ವಯಸ್ಸಿನಲ್ಲಿ ಅಷ್ಟು ತಿಂಗಳು ಎಲ್ಲರಿಗೂ ಸಿಗುವುದಿಲ್ಲ. ಇದು ಆ ಮೂವರಿಗೂ ಗೊತ್ತಿತ್ತು.

ಒಂಬತ್ತೂ ಹದಿನೆಂಟು.

ಪುಸ್ತಿಕೆಯ ಆರನೇ ಪುಟ ನೆನಪಾಯಿತು. ಅವಳು ಉಸಿರು ಎಳೆದುಕೊಂಡು ದನಿ ಇಳಿಸಿದಳು. “ನೋಡಿ, ಯಾರೂ ಭಯಪಡಬೇಕಾಗಿಲ್ಲ. ನಾವೆಲ್ಲ ಒಂದೇ ತಂಡ. ನಿಮ್ಮ ಅಭಿಪ್ರಾಯ ನನಗೆ ತುಂಬಾ ಮುಖ್ಯ.”

ಅದು ಟೈ ಕಟ್ಟಿಕೊಂಡವನ ದನಿ. ಅವಳ ಬಾಯಿಂದ ಬಂದಾಗ ಸಾಲ ವಸೂಲಿಗೆ ಬಂದವನ ನಮಸ್ಕಾರದ ಹಾಗೆ ಕೇಳಿಸಿತು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು.

“ಹೇಳ್ರೀ!” ಎಂದು ಅವಳು ಕಿರುಚಿಬಿಟ್ಟಳು.

ತೊಳೆಯುವ ಕೋಣೆಯಿಂದ ದೊಡ್ಡಮ್ಮ ಬಂದಳು. ಇಡೀ ವಿಭಾಗಕ್ಕೇ ಅವಳು ದೊಡ್ಡಮ್ಮ. ಮುಂದಿನ ವರ್ಷ ನಿವೃತ್ತಿ. ಮೊಣಕೈವರೆಗಿನ ರಬ್ಬರ್ ಕೈಗವಸಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಹಾಗೆಯೇ ಮೇಲ್ವಿಚಾರಕಿಯ ರಟ್ಟೆ ಹಿಡಿದು ತನ್ನ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ದೂಡಿದಳು.

“ಏನ್ ದೊಡ್ಡಮ್ಮ ಇದು, ಟೈಮಿಲ್ಲ ನಂಗೆ.”

“ಬಾಯ್ ಮುಚ್ಚೇ.”

ಹನ್ನೊಂದು ವರ್ಷದಿಂದ ಆ ಬಾಯಲ್ಲಿ ‘ಮೇಡಂ’ ಅಲ್ಲದೆ ಬೇರೇನೂ ಬಂದಿರಲಿಲ್ಲ. ಅದಕ್ಕೂ ಮೊದಲು ಇದೇ ತೊಟ್ಟಿಯ ಮುಂದೆ ಇಬ್ಬರೂ ಪಕ್ಕಪಕ್ಕ ನಿಂತು ರಕ್ತದ ಕಲೆ ಉಜ್ಜಿದವರು. ಕತ್ತರಿಯ ಕೀಲಿನೊಳಗೆ ಬ್ರಷ್ ತೂರಿಸುವುದನ್ನು ಕಲಿಸಿದವಳೇ ದೊಡ್ಡಮ್ಮ.

“ನಿನ್ನ ಕಿಟಕಿ ಮೇಲೆ ಲೋಟ ಇದೆಯಲ್ಲ, ಅದು ಯಾತಕ್ಕಿದೆ ಗೊತ್ತೇನೇ ನಿಂಗೆ?”

“ಲೋಟನಾ? ಗಂಟು ಕಾಣ್ತಿಲ್ಲ ಅಂದ್ರೆ ಲೋಟ ಅಂತೀಯಲ್ಲ.”

“ಬೆಳಗ್ಗೆ ನೀನು ಬಂದಾಗ ನಿನ್ನ ಮುಖ ಮೊದಲು ನೋಡಿದವರು ಅದನ್ನ ಇಡ್ತಾರೆ. ಮುಖ ನೆಟ್ಟಗಿದ್ರೆ ಲೋಟ ನೆಟ್ಟಗೆ. ಮುಖ ಕೆಟ್ಟಿದ್ರೆ ಲೋಟ ಬೋರಲು. ಬೋರಲಿದ್ದ ದಿನ ನಿನ್ನ ಬಾಗಿಲಿಗೆ ಯಾರೂ ಬರಲ್ಲ. ಬೆಂಕಿ ಬಿದ್ರೂ ಬರಲ್ಲ. ನಾಲ್ಕು ವರ್ಷದಿಂದ ಹಿಂಗೇ ನಡೀತಿದೆ.”

ಅವಳು ತನ್ನ ಕೋಣೆಯಿದ್ದ ದಿಕ್ಕಿಗೆ ತಿರುಗಿದಳು.

“ಇವತ್ತು ಬೋರಲು ಹಾಕಿದ್ದು ನಾನೇ,” ಎಂದಳು ದೊಡ್ಡಮ್ಮ. “ಬೆಳಗ್ಗೆ ಏಳಕ್ಕೆ ಬಂದವಳು ಚಪ್ಪಲಿ ಬಿಚ್ಚೋಕೆ ಮುಂಚೆ ನಂಗೆ ಎರಡು ಸಲ ಬೈದೆ. ಯಾಕೆ ಅಂತ ನಿಂಗೇ ನೆನಪಿರಲ್ಲ.”

ನೆನಪಿತ್ತು. ದೊಡ್ಡಮ್ಮನನ್ನು ಬೈದಿದ್ದಲ್ಲ, ಅದರ ಹಿಂದಿನದು. ಮಗಳು ಕೋಚಿಂಗ್ ಕ್ಲಾಸು ಬಿಟ್ಟು ಇಪ್ಪತ್ತು ದಿನವಾಗಿತ್ತಂತೆ. ಅತ್ತೆಗೆ ಗೊತ್ತಿತ್ತು. ಗಂಡನಿಗೆ ಗೊತ್ತಿತ್ತು. ಪಕ್ಕದ ಮನೆಯವರಿಗೂ ಗೊತ್ತಿತ್ತು. ಅವಳಿಗೆ ತಿಳಿದದ್ದು ಇವತ್ತು ಬೆಳಗ್ಗೆ, ಅದೂ ಅತ್ತೆ ಬಾಯಿ ತಪ್ಪಿ ಅಂದದ್ದರಿಂದ. “ಯಾಕೆ ಹೇಳಲಿಲ್ಲ?” ಎಂದು ಕಿರುಚಿದ್ದಳು. ಮಗಳು ತಟ್ಟೆ ನೋಡುತ್ತಾ, “ಇದಕ್ಕೇ ಹೇಳಲಿಲ್ಲ,” ಎಂದಿದ್ದಳು.

“ಮೇಷ್ಟ್ರು ಆಗಲೇ ನಿನ್ನ ಬಾಗಿಲವರೆಗೂ ಬಂದಿದ್ರು. ಕೈಲಿ ಚೀಟಿ ಇತ್ತು. ಲೋಟ ನೋಡಿ ವಾಪಸ್ ಹೋದ್ರು. ನನ್ನ ಕಣ್ಣಾರೆ ನೋಡಿದೀನಿ,” ಎಂದಳು ದೊಡ್ಡಮ್ಮ. “ಇನ್ನು ನೀನೇ ಹೋಗಿ ಕೇಳು. ಕೂಗಿದ್ರೆ ಮಾತ್ರ ಅವರ ಬಾಯಿಂದ ಒಂದಕ್ಷರ ಹೊರಡಲ್ಲ, ಹೇಳಿರ್ತೀನಿ.”

ಒಂಬತ್ತೂ ಇಪ್ಪತ್ತಾರು.

ಅವಳು ವಾಪಸ್ ಬಂದಾಗ ಮೇಷ್ಟ್ರು ಅಲ್ಲೇ ಇದ್ದರು. ಅವಳು ಗಂಟು ಸಾಗಿಸುವ ಪ್ಲಾಸ್ಟಿಕ್ ಕ್ರೇಟೊಂದನ್ನು ಮಗುಚಿ ಹಾಕಿ ಅದರ ಮೇಲೆ ಕೂತಳು. ಅವರನ್ನು ತಲೆ ಎತ್ತಿ ನೋಡಬೇಕಾಯಿತು. ಹೀಗೆ ನೋಡಿ ಎಷ್ಟು ವರ್ಷವಾಗಿತ್ತೋ.

“ಲೋಟದ ವಿಷಯ ಗೊತ್ತಾಯ್ತು ಮೇಷ್ಟ್ರೇ.”

ಅವರ ಮುಖ ಸುಣ್ಣದ ಹಾಗಾಯಿತು.

“ನಿಮ್ಮ ಕೆಲಸ ಉಳಿಸ್ತೀನಿ ಅಂತ ಮಾತು ಕೊಡಕ್ಕಾಗಲ್ಲ. ಅದು ನನ್ನ ಕೈಲಿಲ್ಲ. ಆದ್ರೆ ರಿಪೋರ್ಟಲ್ಲಿ ನಿಮ್ಮ ಹೆಸರಿಗಿಂತ ಮೊದಲು ನನ್ನ ಹೆಸರಿರುತ್ತೆ. ಇಷ್ಟೇ ನನ್ನ ಕೈಲಾಗೋದು. ಏನಾಯ್ತು?”

ಕೇಳಿ ಸುಮ್ಮನಾದಳು. ಇದು ಅವಳು ಹಿಂದೆಂದೂ ಮಾಡದ ಕೆಲಸ. ಅವಳ ಪ್ರಶ್ನೆಯ ಬಾಲಕ್ಕೇ ಮುಂದಿನ ಪ್ರಶ್ನೆ, ಅದರ ಬಾಲಕ್ಕೆ ಬೈಗುಳ ಅಂಟಿಕೊಂಡು ಬರುವುದು ವಾಡಿಕೆ. ಈಗ ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಮೆಷಿನ್ ಬುಸುಗುಟ್ಟಿತು. ಗೋಡೆಯ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಹಾಕಿತು. ಎರಡನೇ ಸುತ್ತು ಶುರುಮಾಡಿತು. ಹೇಳ್ರೀ ಎಂದು ಬಾಯಿಯವರೆಗೆ ಬಂದದ್ದನ್ನು ನುಂಗಿದಳು.

ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. ಬೆವರಿಗೆ ಒದ್ದೆಯಾಗಿ ನಾಲ್ಕು ಮಡಿಕೆಯಾಗಿತ್ತು.

“ಉಗಿ ಮಧ್ಯದಲ್ಲೇ ಕಮ್ಮಿಯಾಗಿದೆ ಮೇಡಂ. ನಾಲ್ಕು ನಿಮಿಷ ನಿಲ್ಲಬೇಕಾದ್ದು ಒಂದೂವರೆ ನಿಮಿಷ ನಿಂತಿದೆ. ಮೊದಲು ಚೀಟಿ ನೋಡಿ ಆಮೇಲೆ ಬಾಗಿಲು ತೆಗೀಬೇಕಿತ್ತು. ನಾನು ತೆಗೆದು ಗಂಟೆಲ್ಲ ಆರೋಕೆ ಇಟ್ಟು, ಆಮೇಲೆ ನೋಡಿದೆ. ತಪ್ಪು ನಂದೇ.”

“ಆಮೇಲೆ?”

“ನಿಮ್ಮ ಹತ್ರ ಬಂದೆ. ಬಂದು...” ಅವರು ಕಿಟಕಿಯ ಕಡೆ ನೋಡಿದರು. “ವಾಪಸ್ ಬಂದೆ. ಯಾರಿಗೂ ಹೇಳದೆ ಇನ್ನೊಂದ್ಸಲ ಬೇಯಿಸಿಬಿಡೋಣ, ಮುಗೀತು ಅಂದ್ಕೊಂಡೆ. ಎಣಿಸಿದ್ರೆ ಹನ್ನೊಂದು. ಅಷ್ಟರಲ್ಲಿ ಥಿಯೇಟರಿಂದ ಗಾಳಿಪಟ ಬಂದು ಮೂರು ಎತ್ಕೊಂಡು ಹೋಗಿದಾನೆ.”

ಗಾಳಿಪಟ ಎಂದರೆ ಆಪರೇಷನ್ ಥಿಯೇಟರಿನ ಅಟೆಂಡರ್. ಕೇಳದೆ ಎತ್ತಿಕೊಂಡು ಹಾರಿಹೋಗುವುದು ಅವನ ಅಭ್ಯಾಸ.

“ಫೋನ್ ಮಾಡಿದ್ರಾ?”

“ಒಂದ್ಸಲ ಮಾಡಿದೆ. ಎತ್ತಲಿಲ್ಲ. ಎರಡನೇ ಸಲ ಮಾಡೋಕೆ ಕೈ ಬರಲಿಲ್ಲ.”

“ಮೂರರಲ್ಲಿ ಏನೇನಿತ್ತು?”

“ಎರಡು ಚಿಕ್ಕ ಡ್ರೆಸ್ಸಿಂಗ್ ಸೆಟ್ಟು. ಒಂದು ದೊಡ್ಡ ಮೂಳೆ ಸೆಟ್ಟು.”

ಅವಳು ಪಟ್ಟಿಯ ಕಡೆ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಥಿಯೇಟರಿನಲ್ಲಿ ಮೂಳೆ ಸೆಟ್ಟುಗಳು ನಾಲ್ಕಾದರೂ ಇರುತ್ತವೆ. ಲೋಡಿನ ಸಂಖ್ಯೆ ಇರುವುದು ಗಂಟಿನ ಮೇಲಿನ ಚೀಟಿಯಲ್ಲಿ. ಬಿಚ್ಚಿದ ಕೂಡಲೇ ಬಟ್ಟೆಯನ್ನೂ ಚೀಟಿಯನ್ನೂ ಬುಟ್ಟಿಗೆ ಎಸೆಯುತ್ತಾರೆ. ಬಿಚ್ಚಿ ಮೇಜಿನ ಮೇಲೆ ಹರಡಿದ್ದರೆ ಯಾವುದು ಯಾವುದೆಂದು ದೇವರೇ ಬಂದು ಹೇಳಬೇಕು.

“ನೀಲಿ ಬಟ್ಟೆ.”

ಮಾತಾಡಿದ್ದು ಟೈಲರಕ್ಕ. ಗಾಜಿನ ಗೋಡೆಯ ಬದಿಯಿಂದ ಅರ್ಧ ಮುಖ ಮಾತ್ರ ಹೊರಗೆ ಹಾಕಿದ್ದಳು. “ಹಸಿರು ಬಟ್ಟೆ ಖಾಲಿಯಾಗಿತ್ತು ಮೇಡಂ. ಹೊಸದಾಗಿ ಬಂದ ನೀಲಿದರಲ್ಲಿ ಕಟ್ಟಿದೆ. ಅದೊಂದೇ ನೀಲಿ. ಕೇಳದೆ ಹೊಸದು ಬಿಚ್ಚಿದೆ ಅಂತ ಬೈತೀರೇನೋ ಅಂತ...”

“ಟೈಲರಕ್ಕ,” ಎಂದಳು ಅವಳು. ಎದ್ದು ಗೋಡೆಯ ಫೋನಿನ ಕಡೆ ನಡೆದಳು.

ಒಂಬತ್ತೂ ಮೂವತ್ತೈದು.

ಆರು ಸಲ ರಿಂಗಾದ ಮೇಲೆ ಥಿಯೇಟರಿನ ಸಿಸ್ಟರ್ ಎತ್ತಿದಳು. “ಸ್ಪೀಕರ್‌ನಲ್ಲಿದೆ, ಬೇಗ ಹೇಳಿ, ಡಾಕ್ಟರ್ ಕೈ ತೊಳೀತಿದಾರೆ.”

ಮೂಳೆ ಡಾಕ್ಟರ್ ಎಂದರೆ ಇಡೀ ಆಸ್ಪತ್ರೆಗೆ ನಡುಕ. ಹೋದ ವರ್ಷ ಒಂದು ಸೆಟ್ಟಿನಲ್ಲಿ ಚಿಮಟ ಕಡಿಮೆಯಾಯಿತೆಂದು ತಟ್ಟೆಯನ್ನು ಗೋಡೆಗೆ ಎಸೆದವನು. ಅವಳು ದನಿ ತಗ್ಗಿಸಿದಳು. “ಸರ್, ನಮಸ್ಕಾರ. ತೊಂದ್ರೆ ಕೊಡ್ತಿದೀನಿ, ಕ್ಷಮಿಸಿ. ಒಂದು ಚಿಕ್ಕ ವಿಷಯ ಇತ್ತು ಸರ್. ಬೆಳಗ್ಗೆ ನಮ್ಮ ಎರಡನೇ ಮೆಷಿನ್‌ನಲ್ಲಿ ಉಗಿ ಸ್ವಲ್ಪ...”

“ಏನ್ರೀ ಇದು,” ಎಂದಿತು ಫೋನು. “ಪೇಷೆಂಟ್ ಟೇಬಲ್ ಮೇಲೆ ಮಲಗಿದಾರೆ. ನಿಮ್ಮ ಮೆಷಿನ್ ಕಥೆ ಕೇಳ್ಕೊಂಡು ಕೂತಿರ್ಲಾ? ಇಡ್ರೀ ಫೋನು.”

ಕಟ್ಟಾಯಿತು.

ರಿಸೀವರ್ ಹಿಡಿದುಕೊಂಡೇ ನಿಂತಳು. ಕಿವಿ ಬಿಸಿಯಾಗಿತ್ತು. ಇನ್ನೊಂದು ಸಲ ಮಾಡಲು ಕೈ ಬರುತ್ತಿರಲಿಲ್ಲ. ಮೇಲಕ್ಕೆ ಓಡಿದರೆ ಎರಡು ಮಹಡಿ, ಬಟ್ಟೆ ಬದಲಿಸದೆ ಒಳಗೆ ಬಿಡುವುದಿಲ್ಲ. ಯಾರನ್ನಾದರೂ ಕಳಿಸೋಣ ಎಂದು ಒಂದು ಕ್ಷಣ ಅನ್ನಿಸಿತು. ಬೇರೆ ಯಾರಾದರೂ ಹೇಳಲಿ. ತಾನಲ್ಲ.

ಪಕ್ಕದಲ್ಲಿ ಮೇಷ್ಟ್ರು ನಿಂತಿದ್ದರು. “ಮೇಡಂ, ಮೊದಲು ಉತ್ತರ ಹೇಳಿ,” ಎಂದರು ಮೆಲ್ಲಗೆ. “ಲೆಕ್ಕ ಬಿಡಿಸಿದ್ದು ಆಮೇಲೆ ತೋರಿಸಿದ್ರಾಯ್ತು.”

ಅವಳು ಮತ್ತೆ ನಂಬರು ಒತ್ತಿದಳು. ಸಿಸ್ಟರ್ ಎತ್ತಿದ ಕೂಡಲೇ ಹೇಳಿದಳು:

“ನೀಲಿ ಬಟ್ಟೆ ಗಂಟಲ್ಲಿ ಬಂದ ಮೂಳೆ ಸೆಟ್ಟು ಮುಟ್ಟಬೇಡಿ. ಅದು ಶುದ್ಧ ಆಗಿಲ್ಲ. ಏಳನೇ ಲೋಡಿನ ಎರಡು ಡ್ರೆಸ್ಸಿಂಗ್ ಸೆಟ್ಟೂ ಅಷ್ಟೇ. ನಾನು ಕೆಳಗಿನ ವಿಭಾಗದ ಮೇಲ್ವಿಚಾರಕಿ ಮಾತಾಡ್ತಿರೋದು. ತಪ್ಪು ನಮ್ಮದು.”

ಅತ್ತ ಕಡೆ ನಲ್ಲಿಯ ನೀರು ನಿಂತದ್ದು ಕೇಳಿಸಿತು.

“ನಾವು ಬಿಚ್ಚಿರೋ ಬಟ್ಟೆ ಹಸಿರು ಇರಬೇಕು,” ಎಂದಳು ಸಿಸ್ಟರ್.

“ಇರಬೇಕು ಅನ್ನೋದು ಬೇಡ ಸಿಸ್ಟರ್. ಬುಟ್ಟಿ ನೋಡಿ ಹೇಳಿ. ಕಾಯ್ತೀನಿ.”

ಸಿಸ್ಟರ್ ಹೆಜ್ಜೆ ದೂರವಾಯಿತು. ಬುಟ್ಟಿಯ ಮುಚ್ಚಳದ ಸದ್ದು. ಮೇಲ್ವಿಚಾರಕಿ, ಮೇಷ್ಟ್ರು, ಟೈಲರಕ್ಕ, ದೊಡ್ಡಮ್ಮ, ನಾಲ್ವರೂ ಒಂದೇ ರಿಸೀವರಿಗೆ ಕಿವಿ ಕೊಟ್ಟು ನಿಂತಿದ್ದರು. ದೊಡ್ಡಮ್ಮನ ಕೈಗವಸಿನ ನೀರು ಮೇಲ್ವಿಚಾರಕಿಯ ಪಾದದ ಮೇಲೆ ಬೀಳುತ್ತಿತ್ತು.

“ನೀಲಿ,” ಎಂದಳು ಸಿಸ್ಟರ್. ದನಿ ಬದಲಾಗಿತ್ತು. “ಮೇಲೇ ಇದೆ. ಈಗಿನ್ನೂ ಬಿಚ್ಚಿದ್ದು.”

“ಪೇಷೆಂಟ್‌ಗೆ ಮುಟ್ಟಿಸಿದಾರಾ?”

ಈಗ ಡಾಕ್ಟರ್ ದನಿ. ಕೂಗಲಿಲ್ಲ. “ಇಲ್ಲ. ಇನ್ನೂ ಚಾಕು ಹಚ್ಚಿಲ್ಲ. ಮೇಜಿನ ಮೇಲೆ ಬಿಚ್ಚಿರೋದನ್ನೆಲ್ಲ ತೆಗೆಸ್ತೀನಿ. ಬೇರೆ ಸೆಟ್ಟು ಕಳಿಸಿ. ಎಷ್ಟು ಹೊತ್ತು?”

“ಹತ್ತು ನಿಮಿಷ. ನಾನೇ ತರ್ತೀನಿ.”

ಏಳನೇ ಲೋಡಿನ ಎರಡು ಡ್ರೆಸ್ಸಿಂಗ್ ಸೆಟ್ಟುಗಳು ಥಿಯೇಟರಿನ ಕಪಾಟಿನಲ್ಲೇ ಸಿಕ್ಕಿದವು, ಕಟ್ಟು ಬಿಚ್ಚಿರಲಿಲ್ಲ. ಮೇಜನ್ನು ಮೊದಲಿನಿಂದ ಸಿದ್ಧಮಾಡಬೇಕಾಗಿ ಬಂದು ಆಪರೇಷನ್ ಮುಕ್ಕಾಲು ಗಂಟೆ ತಡವಾಗಿ ಶುರುವಾಯಿತು. ಆ ಹೆಂಗಸಿನ ಮನೆಯವರಿಗೆ ಕಾರಣ ತಿಳಿಸಿದರೋ ಇಲ್ಲವೋ ಕೆಳಗಿನವರಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಆಡಳಿತಾಧಿಕಾರಿಯ ಕೋಣೆಯಲ್ಲಿ ರಿಪೋರ್ಟ್ ಓದಲಾಯಿತು. ಅಧಿಕಾರಿ ಕನ್ನಡಕ ಏರಿಸಿ ಮೊದಲ ಪುಟದಲ್ಲೇ ನಿಂತರು.

“‘ಲೋಟ ಬೋರಲಾಗಿದ್ದ ಕಾರಣ ವಿಷಯ ನನಗೆ ತಿಳಿಸಿರುವುದಿಲ್ಲ.’ ಏನಿದು? ಯಾವ ಲೋಟ?”

“ಸ್ಟೀಲ್ ಲೋಟ ಸರ್.”

“ತಮಾಷೆನಾ?”

“ಇಲ್ಲ ಸರ್. ಅದೇ ಕಾರಣ. ಬೇರೆ ಕಾರಣ ಬರೆದ್ರೆ ಸುಳ್ಳಾಗುತ್ತೆ.”

ವಿವರಿಸಿದಳು. ಅಧಿಕಾರಿ ಕೇಳಿ ಮುಗಿಸಿ, ಮೆಷಿನ್ ನೋಡಿಕೊಳ್ಳುವವನಿಗೆ ಎಚ್ಚರಿಕೆ ಪತ್ರ, ಮೇಲ್ವಿಚಾರಕಿಯ ಈ ವರ್ಷದ ಬಡ್ತಿಗೆ ತಡೆ, ಎಂದು ಬರೆದರು. “ಆ ತರಬೇತಿಗೆ ನೀವು ಹೋಗಿದ್ರಿ ಅಲ್ವಾ?” ಎಂದು ಕೊನೆಗೆ ಕೇಳಿದರು. ಅವಳು ಹೌದೆಂದಳು.

ಮರುದಿನ ಬೆಳಗ್ಗೆ ಏಳು ಗಂಟೆಗೆ ಬಂದಾಗ ಕಿಟಕಿಯ ಕಟ್ಟೆ ಖಾಲಿಯಾಗಿತ್ತು. ಲೋಟ ಇಲ್ಲ. ಮೂವರೂ ತಂತಮ್ಮ ಕೋಣೆಯಲ್ಲಿ ಎಂದಿಗಿಂತ ಚುರುಕಾಗಿ ಕೆಲಸ ಮಾಡುತ್ತಿದ್ದರು.

“ಲೋಟ ಎಲ್ಲಿ?”

ಅವಳು ಕಾದಳು. ಕಡೆಗೆ ದೊಡ್ಡಮ್ಮ ತೊಟ್ಟಿಯ ಕೆಳಗಿನ ಬಕೆಟ್ಟಿನಿಂದ ಅದನ್ನು ತೆಗೆದು ಕೊಟ್ಟಳು. “ತಗೊಳ್ಳಿ ಮೇಡಂ.” ಮತ್ತೆ ಮೇಡಂ.

ಅವಳು ಬಾಗಿಲಿನ ಹಾಳೆಯನ್ನು ಕಿತ್ತು ಮುದ್ದೆ ಮಾಡಿ ಬುಟ್ಟಿಗೆ ಹಾಕಿದಳು. ಲೋಟವನ್ನು ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಬೋರಲು ಇಟ್ಟಳು.

“ಇವತ್ತೂ ನನ್ನ ತಲೆ ನೆಟ್ಟಗಿಲ್ಲ. ಮಗಳು ನಿನ್ನೆಯಿಂದ ಮಾತಾಡ್ತಿಲ್ಲ. ಇನ್ಮೇಲೆ ಇದನ್ನ ನಾನೇ ಇಡ್ತೀನಿ. ಬೋರಲಿದ್ರೆ, ಕೂಗ್ತಾಳೆ ಅಂತ ಗೊತ್ತಿಟ್ಕೊಂಡು ಬನ್ನಿ. ಆದ್ರೆ ಬನ್ನಿ.”

ಹೇಳಿ ಒಳಗೆ ಹೋಗಿ ಕೂತಳು. ಬಾಗಿಲು ತೆರೆದೇ ಇತ್ತು. ರಿಜಿಸ್ಟರಿನ ಒಂದೇ ಸಾಲನ್ನು ಮೂರು ಸಲ ಓದಿದಳು. ಹೊರಗೆ ಪಿಸುಮಾತು ಕೇಳಿಸಿತು, “ನೀನು ಹೋಗು”, “ನೀನೇ ಹೋಗೇ”. ಆಮೇಲೆ ಹೊಸ್ತಿಲ ಬಳಿ ಟೈಲರಕ್ಕ ಕಾಣಿಸಿಕೊಂಡಳು. ಕೈಯಲ್ಲಿದ್ದ ಬಟ್ಟೆಯ ತುದಿಯನ್ನು ಹಿಂಡುತ್ತಿದ್ದಳು. ಲೋಟದ ಕಡೆ ಒಮ್ಮೆ, ಇವಳ ಕಡೆ ಒಮ್ಮೆ ನೋಡಿದಳು.

“ಮೇಡಂ, ಮೂರನೇ ಮೆಷಿನ್ ಬಾಗಿಲಿನ ರಬ್ಬರ್ ಸೀಳಿದೆ. ಉಗಿ ಸೋರ್ತಿದೆ.”

“ಯಾವಾಗಿಂದ?”

“ನಾಲ್ಕು ದಿನ ಆಯ್ತು.”

ನಾಲ್ಕು ದಿನ. ಬಿಸಿ ಎದೆಯಿಂದ ಮೇಲೆದ್ದು ಗಂಟಲಿಗೆ ಬಂತು. ಬಾಯಿ ತೆರೆದೇಬಿಟ್ಟಿದ್ದಳು. ಟೈಲರಕ್ಕ ಕಣ್ಣು ಮುಚ್ಚಿಕೊಂಡು ನಿಂತಿದ್ದಳು, ಆದರೆ ಹಿಂದೆ ಸರಿದಿರಲಿಲ್ಲ.

ಮೇಲ್ವಿಚಾರಕಿ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಎದ್ದಳು.

“ನಡೀರಿ,” ಎಂದಳು, “ತೋರಿಸಿ.”